ಅಂಚೆಮನೆಯ ಉಪಮೆ: ಗಾಲ್ಗಿ ವಿಷಯಕವಾದ ಕನ್ನಡ ಬರಹದ ಒಂದು ವಿಮರ್ಶೆ

ಜೀವಕೋಶದೊಳಗಣ ಗಾಲ್ಗಿ ಎಂಬ ಅಂಗವನ್ನು ಕನ್ನಡದಲ್ಲಿ ಪರಿಚಯ ಮಾಡಿಕೊಡುವವರು ಬಹುಮಟ್ಟಿಗೆ ಒಂದೇ ಉಪಮೆಯನ್ನು ಆಶ್ರಯಿಸುತ್ತಾರೆ. ಗಾಲ್ಗಿಯು ಜೀವಕೋಶದ ಅಂಚೆಮನೆ. ಬೇರೆಡೆಯಲ್ಲಿ ತಯಾರಾದ ಪ್ರೋಟೀನುಗಳು ಅಲ್ಲಿಗೆ ಬಂದು, ಕಟ್ಟು ಕಟ್ಟಿಸಿಕೊಂಡು, ವಿಳಾಸ ಬರೆಸಿಕೊಂಡು, ತಮ್ಮ ತಮ್ಮ ನೆಲೆಗಳಿಗೆ ರವಾನೆಯಾಗುತ್ತವೆ ಎಂಬುದು ಪಾಠಶಾಲೆಗಳಲ್ಲಿ ವಾಡಿಕೆಯಾಗಿಬಿಟ್ಟಿರುವ ಮಾತು. ಉಪಮೆಯು ಇಂಗ್ಲಿಷ್ ಪಾಠಗಳಿಂದ ಬಂದದ್ದು. ಸುಲಭಗ್ರಾಹ್ಯವಾದುದರಿಂದ ಕನ್ನಡದಲ್ಲಿಯೂ ನೆಲೆನಿಂತಿದೆ. ವಿಜ್ಞಾನದ ಬರಹವು ಸಾಹಿತ್ಯವಿಮರ್ಶೆಗೆ ವಿಷಯವಾಗಲಾರದೆಂದು ಕೆಲವರಿಗೆ ತೋರಬಹುದು. ಆದರೆ ಉಪಮೆ ಎಲ್ಲಿ ಕಾಣಿಸಿಕೊಂಡರೂ ಅದರ ಗುಣದೋಷಗಳನ್ನು ವಿವೇಚಿಸುವುದು ಆಲಂಕಾರಿಕರ ಅಧಿಕಾರಕ್ಕೆ ಒಳಪಟ್ಟದ್ದೇ ಸರಿ. ಕಾವ್ಯದಲ್ಲಿ ಉಪಮಾದೋಷದಿಂದ ರಸಕ್ಕೆ ಹಾನಿ. ಇಲ್ಲಿ ಆಗುವ ಹಾನಿ ಬೇರೆ ಬಗೆಯದು. ವಿದ್ವಾಂಸರು ದಶಕಗಳ ಪರ್ಯಂತ ವಾದಿಸಿದ ಒಂದು ಪ್ರಶ್ನೆಯನ್ನು ಈ ಉಪಮೆಯು ಪ್ರಶ್ನೆಯೇ ಇಲ್ಲವೆಂಬಂತೆ ಮುಚ್ಚಿಹಾಕುತ್ತದೆ. ಅಷ್ಟೇ ಅಲ್ಲ, ಯಾವ ಪಕ್ಷಕ್ಕೆ ಪ್ರಮಾಣಗಳು ಕಡಮೆಯೆಂದು ತೋರಿಬಂದಿದೆಯೋ ಆ ಪಕ್ಷವನ್ನೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಸ್ಥಾಪಿಸುತ್ತದೆ.

ಈ ವಿಷಯವು ಕನ್ನಡನಾಡಿಗೆ ದೂರದ್ದೂ ಅಲ್ಲ. ಬೆಂಗಳೂರಿನ ದಕ್ಷಿಣದಲ್ಲಿ ಹೊಸೂರು ರಸ್ತೆಯ ಮೇಲೆ ಸಿಂಗಸಂದ್ರವಿದೆ. ಆ ಪ್ರಾಂತವನ್ನು ಶಾಸನಾಭ್ಯಾಸಿಗಳು ಚೆನ್ನಾಗಿ ಬಲ್ಲರು. ಬೆಂಗಳೂರಿನ ಹೆಸರನ್ನು ಹೊತ್ತಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ದೊರೆತ ಬೇಗೂರು ಅಲ್ಲಿಗೆ ನೆರೆಯೂರು. ಅದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಎಲೆಕ್ಟ್ರಾನಿಕ್ ಸಿಟಿ, ಅದರಾಚೆಗೆ ಹೆಬ್ಬಗೋಡಿ ಮತ್ತು ಬೊಮ್ಮಸಂದ್ರ. ಆ ಭಾಗದಲ್ಲಿ ನೆಲೆಗೊಂಡಿರುವ ಬಯೋಕಾನ್ ಸಂಸ್ಥೆಯು ಪಿಕಿಯ ಪಾಸ್ಟೋರಿಸ್ ಎಂಬ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಯೀಸ್ಟಿನಿಂದ ಹೊರಕ್ಕೆ ಸ್ರವಿಸುವ ಯಾವ ಪ್ರೋಟೀನಾದರೂ ಸಾಮಾನ್ಯವಾಗಿ ಅದರ ಗಾಲ್ಗಿಯನ್ನು ಕಂಡೇ ಹೊರಬರತಕ್ಕದ್ದು. ಆದಕಾರಣ ಸಿಂಗಸಂದ್ರದಲ್ಲಿ ಕನ್ನಡದಲ್ಲಿ ವಿಜ್ಞಾನ ಓದುವ ಹುಡುಗನಿಗೆ ಗಾಲ್ಗಿಯು ಪುಸ್ತಕದ ಚಿತ್ರ ಮಾತ್ರವಲ್ಲ, ನೆರೆಹೊರೆಯ ಜೀವನೋಪಾಯವೂ ಆಗಿದೆ. ಅವನಿಗೆ ಹೇಳುವ ಮಾತು ಸರಿಯಾಗಿರಬೇಕೆಂದು ಅಪೇಕ್ಷಿಸುವುದು ಅತಿಯಾದ ನಿರೀಕ್ಷೆಯಲ್ಲ.

ವಸ್ತುವನ್ನು ಮೊದಲು ನೋಡತಕ್ಕದ್ದು. ಇಟಲಿಯ ಪಾವಿಯಾದಲ್ಲಿದ್ದ ಕಮಿಲ್ಲೊ ಗಾಲ್ಗಿಯು 1898ರಲ್ಲಿ ಗೂಬೆಯ ಮಿದುಳಿನ ನರಕೋಶಗಳನ್ನು ಬೆಳ್ಳಿಯ ಲವಣದಿಂದ ಕಪ್ಪುಗೊಳಿಸಿ ನೋಡುತ್ತಿದ್ದಾಗ ಕೋಶದೊಳಗೆ ಒಂದು ಬಲೆಯಂತಹ ರಚನೆಯನ್ನು ಕಂಡನು. ಬಣ್ಣ ಹಾಕುವ ಕ್ರಮದಿಂದುಂಟಾದ ಭ್ರಾಂತಿಯಿದು, ವಸ್ತುವೇ ಇಲ್ಲ, ಎಂದು ವಾದಿಸಿದವರು ಅರ್ಧ ಶತಮಾನದ ಕಾಲ ಇದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಸಂದೇಹವನ್ನು ಪರಿಹರಿಸಿತು. ಅದರಲ್ಲಿ ಕಂಡದ್ದು ಒಂದರ ಮೇಲೊಂದು ದೋಸೆಗಳನ್ನು ಅಡಕಿದಂತಿರುವ ಚಪ್ಪಟೆಯಾದ ಪೊರೆಚೀಲಗಳು, ಅವುಗಳ ಅಂಚಿನ ಸುತ್ತ ಅತಿಸಣ್ಣ ಗುಳ್ಳೆಗಳು. ಚಪ್ಪಟೆಚೀಲಕ್ಕೆ ವಿಜ್ಞಾನಿಗಳಿಟ್ಟ ಹೆಸರು ಸಿಸ್ಟರ್ನಾ. ಲ್ಯಾಟಿನ್ ಭಾಷೆಯಲ್ಲಿ ನೀರಿನ ತೊಟ್ಟಿಯೆಂದು ಅದರ ಅರ್ಥ. ಸಿಂಗಸಂದ್ರದ ‘ಸಂದ್ರ’ವೂ ಸಮುದ್ರ, ಎಂದರೆ ದೊಡ್ಡ ಕೆರೆ, ಎಂಬುದರ ತದ್ಭವವೆಂದು ಹೇಳುವುದುಂಟು. ತೊಟ್ಟಿಯಾಗಲಿ ಕೆರೆಯಾಗಲಿ ಇದ್ದಲ್ಲೇ ಇರುವ ವಸ್ತು. ನೀರು ಮಾತ್ರ ಬಂದುಹೋಗುವುದು. ಮುಂದಿನ ಗೊಂದಲದ ಬೀಜವು ಈ ಮೊದಲ ಹೆಸರಿನಲ್ಲಿಯೇ ಅಡಗಿದೆಯೆಂದರೆ ತಪ್ಪಾಗದು.

ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ಜಾಲವೆಂಬ ಇನ್ನೊಂದು ಪೊರೆಯ ವ್ಯವಸ್ಥೆಯಲ್ಲಿ ಹುಟ್ಟಿ, ಮಡಿಕೆಗೊಂಡು, ಗಾಲ್ಗಿಯ ಒಂದು ಪಕ್ಕದಲ್ಲಿ ಪ್ರವೇಶಿಸುತ್ತವೆ. ಮತ್ತೊಂದು ಪಕ್ಕದಿಂದ ಹೊರಡುತ್ತವೆ. ನಡುವೆ ಅವುಗಳಿಗೆ ಅಂಟಿದ ಸಕ್ಕರೆಯ ಸರಪಳಿಗಳನ್ನು ಕಿಣ್ವಗಳು ಕತ್ತರಿಸಿ, ಬೇರೆ ಸಕ್ಕರೆಗಳನ್ನು ಕ್ರಮವಾಗಿ ಸೇರಿಸುತ್ತವೆ. ಪ್ರವೇಶದ ಪಕ್ಕದ ಚೀಲಗಳಲ್ಲಿ ಮೊದಲ ಕೆಲಸದ ಕಿಣ್ವಗಳು, ನಿರ್ಗಮದ ಪಕ್ಕದಲ್ಲಿ ಕೊನೆಯ ಕೆಲಸದವು. ಇಷ್ಟು ಎಲ್ಲರಿಗೂ ಸಮ್ಮತ. ವಿವಾದವಿರುವುದು ಒಂದೇ ಒಂದು ಅಂಶದಲ್ಲಿ: ಆ ಪಕ್ಕದಿಂದ ಈ ಪಕ್ಕಕ್ಕೆ ಪ್ರೋಟೀನು ಬಂದುದು ಹೇಗೆ?

ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ಕಾರಕದ ಪ್ರಶ್ನೆ. ‘ಗಾಲ್ಗಿಯಲ್ಲಿ ಪ್ರೋಟೀನುಗಳ ಸಾಗಣೆ’ ಎಂಬುದು ಕನ್ನಡದಲ್ಲಿ ರೂಢವಾದ ಶೀರ್ಷಿಕೆ. ಇದರಲ್ಲಿ ಗಾಲ್ಗಿಗೆ ಸಪ್ತಮೀ ವಿಭಕ್ತಿ. ಅದು ಅಧಿಕರಣ, ಕ್ರಿಯೆ ನಡೆಯುವ ಎಡೆ ಮಾತ್ರ. ‘ಗಾಲ್ಗಿಯ ಮೂಲಕ’ ಎಂದರೂ ಅದು ದಾರಿಯಾಯಿತೇ ಹೊರತು ಮತ್ತೇನೂ ಆಗಲಿಲ್ಲ. ಪ್ರೋಟೀನು ಕರ್ಮ, ಅದನ್ನು ಸಾಗಿಸುವ ಗುಳ್ಳೆಯು ಕರ್ತೃ. ‘ಸಾಗಣೆ’ ಎಂಬ ಪದವೂ ‘ಸಾಗು’ ಎಂಬ ಅಕರ್ಮಕಕ್ಕಿಂತ ‘ಸಾಗಿಸು’ ಎಂಬ ಪ್ರೇರಣಾರ್ಥಕ್ಕೆ ಹತ್ತಿರವಾಗಿ ಬಳಕೆಯಲ್ಲಿದೆ. ಸಾಗಣೆಯೆಂದೊಡನೆ ಹೊರುವವನೊಬ್ಬನು, ಹೊರೆಯೊಂದು, ನಿಶ್ಚಲವಾದ ದಾರಿಯೊಂದು ಎಂದು ಮೂರೂ ಮನಸ್ಸಿಗೆ ಬರುತ್ತವೆ. ಗಾಲ್ಗಿಯೇ ಕರ್ತೃವಾಗಿದ್ದರೆ? ಪ್ರಥಮಾ ವಿಭಕ್ತಿಯಲ್ಲಿ ನಿಲ್ಲಬೇಕಾದುದನ್ನು ಸಪ್ತಮಿಯಲ್ಲಿ ಕೂರಿಸಿದ ಬಳಿಕ ಆ ಪ್ರಶ್ನೆಯು ಕೇಳುವವನ ಬಾಯಿಗೇ ಬರುವುದಿಲ್ಲ.

ನಿಶ್ಚಲವಾದ ಗಾಲ್ಗಿಯ ಪಕ್ಷವು ನಿರಾಧಾರವಾಗಿ ಹುಟ್ಟಿದ್ದಲ್ಲವೆಂಬುದನ್ನೂ ಹೇಳಬೇಕು. ಜಾರ್ಜ್ ಪಲಾಡೆಯೂ ಅವನ ಸಹೋದ್ಯೋಗಿಗಳೂ 1960ರ ದಶಕದಲ್ಲಿ ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ವಿಕಿರಣಶೀಲ ಗುರುತು ಹಾಕಿದ ಪ್ರೋಟೀನುಗಳನ್ನು ಹಿಂಬಾಲಿಸಿ, ಅವು ಜಾಲದಿಂದ ಗಾಲ್ಗಿಗೆ, ಗಾಲ್ಗಿಯಿಂದ ಸ್ರಾವದ ಕಣಗಳಿಗೆ ಹೋಗುವ ಕ್ರಮವನ್ನು ತೋರಿಸಿದರು. 1974ರ ನೊಬೆಲ್ ಪಾರಿತೋಷಕದಲ್ಲಿ ಪಲಾಡೆಗೆ ಪಾಲು ದೊರೆಯಿತು. 1980ರ ದಶಕದಲ್ಲಿ ಜೇಮ್ಸ್ ರಾತ್‌ಮನ್ನನು ಕೋಶವನ್ನು ಒಡೆದು, ಗಾಲ್ಗಿಯ ಪೊರೆಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ಒಂದು ಗಾಲ್ಗಿಯ ಪ್ರೋಟೀನು ಇನ್ನೊಂದರಲ್ಲಿ ಸಂಸ್ಕಾರ ಹೊಂದುವುದನ್ನು ಅಳೆದನು. ರ‍್ಯಾಂಡಿ ಷೆಕ್‌ಮನ್ನನು ಯೀಸ್ಟಿನಲ್ಲಿ ಸ್ರಾವಕ್ಕೆ ಬೇಕಾದ ಜೀನುಗಳನ್ನು ಹುಡುಕಿದನು. ಗುಳ್ಳೆಗಳು ಒಂದು ಪೊರೆಯಿಂದ ಮೊಗ್ಗೊಡೆದು ಮತ್ತೊಂದರಲ್ಲಿ ಬೆರೆಯುವ ಯಂತ್ರಾಂಶವು ಈ ಶ್ರಮದಿಂದ ಬೆಳಕಿಗೆ ಬಂದಿತು; ಇವರಿಬ್ಬರೂ ಥಾಮಸ್ ಸ್ಯೂಡಾಫನೊಡನೆ 2013ರಲ್ಲಿ ನೊಬೆಲ್ ಪಡೆದರು. ಗುಳ್ಳೆಗಳು ಪ್ರೋಟೀನನ್ನು ಒಂದು ಚಪ್ಪಟೆಚೀಲದಿಂದ ಮುಂದಿನದಕ್ಕೆ ಒಯ್ಯುತ್ತವೆ, ಚೀಲಗಳು ಇದ್ದಲ್ಲೇ ಇರುತ್ತವೆ, ಎಂಬ ವಾದವೇ ಆ ಕಾಲದಲ್ಲಿ ಪ್ರಬಲವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋದ ಮೈಸೂರಿನ ಅಂಚೆಯನ್ನು ನೆನೆದರೆ ಈ ಪಕ್ಷವು ಕಣ್ಣಿಗೆ ಕಟ್ಟುತ್ತದೆ: ಠಾಣೆಗಳು ಸ್ಥಿರ, ಓಟಗಾರರು ಚರ, ಚೀಲವು ಕೈಯಿಂದ ಕೈಗೆ. ಅಂಚೆಮನೆಯ ಉಪಮೆಯು ಗಾಲ್ಗಿಯ ವರ್ಣನೆಯಲ್ಲ, ಈ ಒಂದು ಪಕ್ಷದ ವರ್ಣನೆ.

ಇದಕ್ಕೆ ಬಂದ ಮೊದಲ ಬಲವಾದ ಆಕ್ಷೇಪ ಗಾತ್ರದ್ದು. ಚರ್ಮಕ್ಕೂ ಎಲುಬಿಗೂ ಬೇಕಾದ ಕೊಲ್ಲಾಜೆನ್ ಎಂಬ ಪ್ರೋಟೀನಿನ ಪೂರ್ವರೂಪವು ಸುಮಾರು 300 ನ್ಯಾನೋಮೀಟರ್ ಉದ್ದದ ಬಿಗಿಯಾದ ಕೋಲು. ಗಾಲ್ಗಿಯ ಗುಳ್ಳೆಗಳ ಅಡ್ಡಳತೆಯಾದರೋ 50–60 ನ್ಯಾನೋಮೀಟರ್ ಮಾತ್ರ. ಒನಕೆಯನ್ನು ಚೆಂಬಿನಲ್ಲಿ ತುಂಬಿ ಕಳಿಸಿದರೆಂದು ಹೇಳಿದಂತಾಯಿತು. ಕೆಲವು ಪಾಚಿಗಳು ತಮ್ಮ ಮೈಮೇಲೆ ಹೊದೆಯುವ ದೊಡ್ಡ ಶಲ್ಕಗಳು ಗಾಲ್ಗಿಯ ಚೀಲದೊಳಗೇ ರಚನೆಯಾಗಿ ಚೀಲದೊಡನೆಯೇ ಹೊರಬರುವುದನ್ನು ಸಸ್ಯಶಾಸ್ತ್ರಜ್ಞರು ಬಹು ಹಿಂದೆಯೇ ಕಂಡಿದ್ದರು. ಆ ಕಾಣ್ಕೆಯನ್ನು ಅಪವಾದವೆಂದು ಬದಿಗಿಟ್ಟಿದ್ದರು. 1998ರಲ್ಲಿ ಇಟಲಿಯ ಆಲ್ಬರ್ಟೊ ಲುಯಿನಿಯ ಬಳಗವು ಕೊಲ್ಲಾಜೆನಿನ ಕೋಲುಗಳು ಚಪ್ಪಟೆಚೀಲದ ಹೊಟ್ಟೆಯನ್ನು ಬಿಟ್ಟು ಹೊರಬರದೆಯೇ ಗಾಲ್ಗಿಯನ್ನು ದಾಟುವುದನ್ನು ತೋರಿಸಿತು. ಹೊರೆಯು ಚೀಲವನ್ನು ಬಿಡುವುದಿಲ್ಲವೆಂದ ಮೇಲೆ ಚೀಲವೇ ಮುಂದುವರಿಯಬೇಕು. ಮೊದಲ ಚೀಲವು ಎರಡನೆಯದಾಗಿ, ಎರಡನೆಯದು ಮೂರನೆಯದಾಗಿ ಬದಲಾಗಬೇಕು.

ಹಾಗೆ ಬದಲಾಗುವುದನ್ನು ಕಣ್ಣಾರೆ ಕಾಣುವ ಅವಕಾಶವು 2006ರಲ್ಲಿ ಬಂದಿತು. ರೊಟ್ಟಿಯ ಯೀಸ್ಟಿನಲ್ಲಿ ಚಪ್ಪಟೆಚೀಲಗಳು ಅಡಕಿಲಾಗಿರದೆ ಚೆದರಿಕೊಂಡಿರುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬಹುದು. ಅಮೆರಿಕದಲ್ಲಿ ಬೆಂಜಮಿನ್ ಗ್ಲಿಕ್ಕನ ಬಳಗ, ಜಪಾನಿನಲ್ಲಿ ಅಕಿಹಿಕೊ ನಕಾನೊ ಬಳಗ, ಇವೆರಡೂ ಸ್ವತಂತ್ರವಾಗಿ ಮೊದಲ ಹಂತದ ಒಂದು ಪ್ರೋಟೀನಿಗೆ ಹಸುರು, ಕೆಂಪು ಬೆಳಕುಗಳಲ್ಲಿ ಒಂದನ್ನೂ ಕೊನೆಯ ಹಂತದ್ದಕ್ಕೆ ಇನ್ನೊಂದನ್ನೂ ಕೊಟ್ಟು ಜೀವಂತ ಕೋಶವನ್ನು ನೋಡಿದುವು. ಮೊದಲ ಬಣ್ಣದಲ್ಲಿದ್ದ ಚೀಲವೇ ಕೆಲವು ನಿಮಿಷಗಳಲ್ಲಿ ಎರಡನೆಯ ಬಣ್ಣಕ್ಕೆ ತಿರುಗಿತು. ಠಾಣೆಗಳು ಸ್ಥಿರವಾಗಿದ್ದಿದ್ದರೆ ಹಸುರು ಹಸುರಾಗಿಯೂ ಕೆಂಪು ಕೆಂಪಾಗಿಯೂ ಉಳಿಯಬೇಕಾಗಿತ್ತು. 2025ರ ಆಗಸ್ಟಿನಲ್ಲಿ ಸಿಂಗಸಂದ್ರದ ಮೇಲೆ ಹಾದು ಬೊಮ್ಮಸಂದ್ರದವರೆಗೆ ಓಡಲು ಮೊದಲಾದ ಮೆಟ್ರೋ ರೈಲಿನ ದೃಷ್ಟಾಂತದಿಂದ ಹೇಳಬಹುದಾದರೆ, ಪ್ರಯಾಣಿಕನು ರೈಲು ಹತ್ತಿ ಹೆಬ್ಬಗೋಡಿಗೆ ಹೋದದ್ದಲ್ಲ. ಸಿಂಗಸಂದ್ರದ ಕಟ್ಟೆಯ ಮೇಲೆ ಅವನು ಕುಳಿತಿದ್ದಂತೆಯೇ ಕಟ್ಟೆಯ ಹೆಸರಿನ ಫಲಕ ಬದಲಾಗಿ ಅದೇ ಹೆಬ್ಬಗೋಡಿಯಾಯಿತು.

ಈಗ ಅಂಚೆಮನೆಯ ಉಪಮೆಯನ್ನು ಒರೆಗೆ ಹಚ್ಚಬಹುದು. ಮೇಧಾವಿಯು ಹೇಳಿದನೆಂದು ಭಾಮಹನು ಎತ್ತಿಕೊಟ್ಟಿರುವ ಏಳು ಉಪಮಾದೋಷಗಳಲ್ಲಿ ಹೀನತೆ ಒಂದು, ಉಪಮಾನಾಧಿಕತ್ವ ಮತ್ತೊಂದು. ಈ ಉಪಮೆಯಲ್ಲಿ ಎರಡೂ ಇವೆ. ಅಂಚೆಮನೆಯಲ್ಲಿ ಪತ್ರವನ್ನು ಬಿಚ್ಚಿ ಒಕ್ಕಣೆಯನ್ನು ತಿದ್ದಿದರೆ ಅದು ಅಪರಾಧ; ಗಾಲ್ಗಿಯ ಮುಖ್ಯ ಕೆಲಸವೇ ಅಂತಹ ತಿದ್ದುವಿಕೆ. ಉಪಮೇಯದ ಪ್ರಧಾನಧರ್ಮವೇ ಉಪಮಾನದಲ್ಲಿ ಇಲ್ಲವಾದುದರಿಂದ ಹೀನತೆ. ಇನ್ನು ಅಂಚೆಮನೆಗೆ ಅಸ್ತಿಭಾರ, ಗೋಡೆ, ವಿಳಾಸ ಓದುವ ಗುಮಾಸ್ತ ಇವೆಲ್ಲ ಉಂಟು, ಗಾಲ್ಗಿಗೆ ಇಲ್ಲ. ಇದು ಆಧಿಕ್ಯ. ವಿಳಾಸವೂ ಬಹುಪಾಲು ಪ್ರೋಟೀನಿನ ಅಮೈನೊ ಆಮ್ಲಗಳ ಸರಣಿಯಲ್ಲಿಯೇ ಹುಟ್ಟಿನಿಂದ ಬರೆದಿರುತ್ತದೆಂದು ಗುಂಟರ್ ಬ್ಲೋಬೆಲ್ಲನು ತೋರಿಸಿ 1999ರಲ್ಲಿ ನೊಬೆಲ್ ಪಡೆದನು. ಆದರೂ ನ್ಯಾಯವಾಗಿ ನೋಡಿದರೆ ಉಪಮೆಯು ಒಂದೆಡೆ ಚೆನ್ನಾಗಿ ಹೊಂದುತ್ತದೆ. ಲೈಸೊಸೋಮಿಗೆ ಹೋಗತಕ್ಕ ಕಿಣ್ವಗಳಿಗೆ ಗಾಲ್ಗಿಯಲ್ಲಿಯೇ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತು ಬೀಳುತ್ತದೆ. ಆ ಗುರುತು ಬೀಳದೆ ಹೋದರೆ ಕಿಣ್ವಗಳು ದಾರಿತಪ್ಪಿ ಕೋಶದ ಹೊರಗೆ ಬೀಳುವುವು, ಕೂಸಿಗೆ ಘೋರವಾದ ರೋಗ ಉಂಟಾಗುವುದು. ನಿರ್ಗಮದ ಪಕ್ಕದಲ್ಲಿ ಸರಕುಗಳನ್ನು ವಿಂಗಡಿಸುವುದೂ ನಿಜವೇ. ಆದಕಾರಣ ಗಾಲ್ಗಿಯ ಕೊನೆಯ ಬಾಗಿಲಿಗೆ ಅಂಚೆಮನೆಯ ಉಪಮೆಯನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಬಾಗಿಲಿಗೆ ಹೇಳಿದ ಮಾತನ್ನು ಮನೆಗೆಲ್ಲ ಹೇಳಿದ್ದೇ ತಪ್ಪು.

ಈ ತಪ್ಪಿನಿಂದ ಏನು ಕೆಡುತ್ತದೆಂಬುದು ಹೆಬ್ಬಗೋಡಿಯ ಕಡೆಯ ಯೀಸ್ಟನ್ನು ನೋಡಿದರೆ ವಿಶದವಾಗುತ್ತದೆ. 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಕೃತಕ ಮಾನವ ಇನ್ಸುಲಿನ್ನು ಬ್ಯಾಕ್ಟೀರಿಯದಲ್ಲಿ ತಯಾರಾದದ್ದು. ಬ್ಯಾಕ್ಟೀರಿಯಕ್ಕೆ ಗಾಲ್ಗಿಯಿಲ್ಲ, ಸರಕು ಒಳಗೇ ಗಂಟುಕಟ್ಟಿ ಕೂರುತ್ತದೆ, ಕೋಶವನ್ನು ಒಡೆದು ತೆಗೆಯಬೇಕು. ಯೀಸ್ಟಿನಲ್ಲಿ ಇನ್ಸುಲಿನ್ ತಯಾರಿಸುವ ಸಾಮಾನ್ಯ ಕ್ರಮವು ಬೇರೆ. ಇನ್ಸುಲಿನ್ನಿನ ಪೂರ್ವರೂಪದ ಮುಂದೆ ಹೊರದಾರಿಯನ್ನು ಸೂಚಿಸುವ ಒಂದು ತಲೆಭಾಗವನ್ನು ಜೋಡಿಸಿರುತ್ತಾರೆ. ಅದು ಜಾಲವನ್ನೂ ಗಾಲ್ಗಿಯನ್ನೂ ಕಂಡು ಹೊರಗಣ ದ್ರವಕ್ಕೆ ಬರುತ್ತದೆ. ತಲೆಭಾಗವನ್ನು ಕತ್ತರಿಸತಕ್ಕ ಕೆಕ್ಸ್2 ಎಂಬ ಕಿಣ್ವವಿರುವುದು ಗಾಲ್ಗಿಯ ಕೊನೆಯ ಹಂತದಲ್ಲಿ. ಅಂಚೆಮನೆಯ ಉಪಮೆಯಂತೆ ಹೇಳುವುದಾದರೆ ಸರಕನ್ನು ಕತ್ತರಿಯಿರುವ ಕೋಣೆಗೆ ಒಯ್ಯಲಾಯಿತು. ಚೀಲವೇ ಬದಲಾಗುವುದಾದರೆ ನಡೆದದ್ದು ವಿಪರ್ಯಯ: ಸರಕು ಇದ್ದ ಚೀಲಕ್ಕೆ ಕತ್ತರಿಯೇ ಬಂದಿತು. ಕತ್ತರಿ ತಡವಾಗಿ ಬಂದರೆ, ಸಾಲದೆ ಬಂದರೆ, ತಲೆಭಾಗ ಕಳಚದ ಸರಕು ಹೊರಬೀಳುವುದು. ಅಂತಹ ಕೊರತೆಗೆ ಕಾರಣವನ್ನು ಹುಡುಕುವವನು ಸರಕಿನ ದಾರಿಯನ್ನು ನೋಡಬೇಕೋ ಕತ್ತರಿಯ ದಾರಿಯನ್ನು ನೋಡಬೇಕೋ ಎಂಬುದು ಕೇವಲ ಶಬ್ದಚರ್ಚೆಯಲ್ಲ. ಪಿಕಿಯ ಯೀಸ್ಟಿನ ಗಾಲ್ಗಿಯು ರೊಟ್ಟಿಯ ಯೀಸ್ಟಿನದರಂತೆ ಚೆದರಿರದೆ ಮನುಷ್ಯನದರಂತೆ ಅಡಕಿಲಾಗಿದೆಯೆಂದು ಗ್ಲಿಕ್ಕನ ಬಳಗವು 1999ರಲ್ಲಿಯೇ ಪ್ರಕಟಿಸಿತ್ತು. ಹೀಗೆ ಉದ್ಯಮಕ್ಕೆ ದುಡಿಯುವ ಜೀವಿಯೇ ಈ ವಾದದ ಸಾಕ್ಷಿಗಳಲ್ಲಿಯೂ ಒಂದಾಗಿರುವುದು ಗಮನಾರ್ಹ.

ಅಂಚೆಮನೆಯನ್ನು ಬಿಟ್ಟರೆ ಕನ್ನಡದಲ್ಲಿ ಬೇರೆ ಮಾತು ಉಂಟೇ? ಇಂಗ್ಲಿಷಿನವರು ಹೊಸ ಪಕ್ಷವನ್ನು ಮೆಚುರೇಷನ್ ಎನ್ನುತ್ತಾರೆ. ‘ಪರಿಪಕ್ವತೆ’ ಎಂದು ಅನುವಾದಿಸುವುದು ಸುಲಭ; ಆದರೆ ಅದು ಸ್ಥಿತಿಯನ್ನು ಹೇಳುತ್ತದೆಯೇ ಹೊರತು ನಡೆಯುತ್ತಿರುವ ಕ್ರಿಯೆಯನ್ನು ಹೇಳುವುದಿಲ್ಲ. ‘ಮಾಗು’ ಎಂಬ ಅಚ್ಚಗನ್ನಡ ಧಾತುವು ಇದಕ್ಕೆ ಸರ್ವಥಾ ಯೋಗ್ಯವಾದುದು. ಅದು ಅಕರ್ಮಕ, ಮಾಗುವ ವಸ್ತುವೇ ಅದರ ಕರ್ತೃ. ‘ಚೀಲವು ಮಾಗುತ್ತದೆ’ ಎಂದೊಡನೆ ವಿಭಕ್ತಿಯು ತಾನಾಗಿ ಸರಿಹೋಗುತ್ತದೆ. ಕಾಯಿಯು ಹಣ್ಣಿರುವ ಕೊಂಬೆಗೆ ಹೋಗಿ ಹಣ್ಣಾಗುವುದಿಲ್ಲ, ಇದ್ದಲ್ಲೇ ಹಣ್ಣಾಗುತ್ತದೆ. ಅದೊಡನೆ ಬೀಜವೂ ಬಲಿಯುತ್ತದೆ. ಗಾಲ್ಗಿಯ ಮೊದಲ, ನಡುವಣ, ಕೊನೆಯ ಹಂತಗಳಿಗೆ ಸಮನಾಗಿ ಕಾಯಿ, ದೋರೆಗಾಯಿ, ಹಣ್ಣು ಎಂಬ ಮೂರು ಮಾತುಗಳು ತೋಟಿಗರ ಬಾಯಲ್ಲಿ ಸಿದ್ಧವಾಗಿಯೇ ಇವೆ. ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ಕಾವ್ಯವನ್ನು ವರ್ಗೀಕರಿಸುವ ಅಧ್ಯಾಪಕರಿಗೆ ಈ ಜಾಡು ಅಪರಿಚಿತವಲ್ಲ.

ಆದರೆ ಈ ಉಪಮೆಗೂ ಒಂದು ಕೊರತೆಯಿದೆ. ಹಣ್ಣು ತನ್ನೊಳಗಿನ ಶಕ್ತಿಯಿಂದಲೇ ಮಾಗುವುದು. ಗಾಲ್ಗಿಯ ಚೀಲಕ್ಕೆ ಕಿಣ್ವಗಳು ತನಗಿಂತ ಹಿರಿಯ ಚೀಲದಿಂದ ಹಿಮ್ಮುಖವಾಗಿ ಬರುತ್ತವೆ. ಗುಳ್ಳೆಗಳ ನಿಜವಾದ ಉದ್ಯೋಗವು, ಮಾಗುವ ಪಕ್ಷದ ಪ್ರಕಾರ, ಸರಕನ್ನು ಮುಂದಕ್ಕೆ ಒಯ್ಯುವುದಲ್ಲ, ಕಿಣ್ವಗಳನ್ನು ಹಿಂದಕ್ಕೆ ಮರಳಿಸುವುದು. ಇದಕ್ಕೆ ಹಾಲಿನ ದೃಷ್ಟಾಂತವು ಹೆಚ್ಚು ಒಪ್ಪುತ್ತದೆ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು. ಹಾಲು ಗಡಿಗೆಯನ್ನು ಬಿಡದೆ ಮೊಸರಾಗುತ್ತದೆ. ಹಿಂದಿನದರ ಸತ್ತ್ವ ಮಾತ್ರ ಗಡಿಗೆಯಿಂದ ಗಡಿಗೆಗೆ ಹೋಗುತ್ತದೆ. ಹೆಪ್ಪು ಹಾಲಿನಲ್ಲಿ ತಾನೇ ವೃದ್ಧಿಯಾಗುವುದು, ಕಿಣ್ವವು ಹಾಗೆ ವೃದ್ಧಿಯಾಗದು. ಹೆಪ್ಪು ಕೊಟ್ಟ ಮೊಸರು ಮೊಸರಾಗಿಯೇ ಉಳಿಯುವುದು, ಕಿಣ್ವವನ್ನು ಕೊಟ್ಟ ಚೀಲವು ಕೊಟ್ಟುದರಿಂದಲೇ ಮುಂದಿನ ಹಂತಕ್ಕೆ ಬದಲಾಗುವುದು. ಇಷ್ಟು ವ್ಯತ್ಯಾಸವನ್ನು ಅಧ್ಯಾಪಕನು ಬಾಯಿಬಿಟ್ಟು ಹೇಳಿದರೆ ಉಪಮೆಯು ನಿರಪಾಯ. ಕಿಣ್ವವೆಂಬ ಪದವೇ ಸಂಸ್ಕೃತದಲ್ಲಿ ಮದ್ಯಕ್ಕೆ ಹಾಕುವ ಹುದುಗನ್ನು ಹೇಳುತ್ತಿದ್ದುದು. ಅರ್ಥಶಾಸ್ತ್ರದಲ್ಲಿ ಆ ಅರ್ಥದಲ್ಲಿಯೇ ಪ್ರಯೋಗವಿದೆ. ಸಾರಜನಕವುಳ್ಳದ್ದೆಂದು ಪ್ರೋಟೀನಿಗೆ ಕಟ್ಟಿದ ‘ಸಸಾರಜನಕ’ಕ್ಕಿಂತ ಇದರ ಭಾಗ್ಯ ಮೇಲು, ಸಾರಜನಕವುಳ್ಳ ವಸ್ತುಗಳು ಪ್ರೋಟೀನಲ್ಲದೆ ಬೇಕಾದಷ್ಟಿವೆ.

ಮಾಗುವ ಪಕ್ಷವೂ ನಿರಾಕ್ಷೇಪವಾಗಿ ಗೆದ್ದಿಲ್ಲ. ಚೀಲದೊಳಗೆ ಸರಕು ಸೆರೆಯಾಗಿಯೇ ಇರುವುದಾದರೆ, ಹೊಸದಾಗಿ ಒಳಬಂದ ಪ್ರೋಟೀನು ಮಾಗುವಷ್ಟು ಹೊತ್ತು ಕಾದು ಅನಂತರವೇ ಹೊರಡಬೇಕು. 2008ರಲ್ಲಿ ಜೆನಿಫರ್ ಲಿಪಿನ್‌ಕಾಟ್-ಶ್ವಾರ್ಟ್ಜಳ ಬಳಗವು ಪ್ರಾಣಿಕೋಶಗಳಲ್ಲಿ ಅಂತಹ ಕಾಯುವಿಕೆ ಕಾಣಲಿಲ್ಲವೆಂದೂ ಒಳಬಂದ ಸರಕಿನಲ್ಲಿ ಒಂದು ಭಾಗವು ಆಗಿಂದಾಗಲೇ ಹೊರಡುತ್ತದೆಂದೂ ಪ್ರಕಟಿಸಿತು. ಸಣ್ಣ ಪ್ರೋಟೀನುಗಳು ಚೀಲಗಳ ನಡುವಿನ ಸಂದುಗಳಿಂದಲೋ ಗುಳ್ಳೆಗಳಿಂದಲೋ ಮುಂದೆ ನುಸುಳುತ್ತಿರಬಹುದು; ದೊಡ್ಡ ಕೋಲುಗಳಿಗೆ ಆ ಸೌಕರ್ಯವಿಲ್ಲ. ಬೆಂಗಳೂರಿನಲ್ಲಿಯೇ, ನ್ಯಾಷನಲ್ ಸೆಂಟರ್ ಫಾರ್ ಬಯೊಲಾಜಿಕಲ್ ಸೈನ್ಸಸ್ ಸಂಸ್ಥೆಯ ಸೌಮ್ಯಾ ಮಣಿ ಮತ್ತು ಮುಕುಂದ ತಟ್ಟೈ ಇವರು 2016ರಲ್ಲಿ ಈ ಚರ್ಚೆಗೆ ಒಂದು ಹೊಸ ಮಗ್ಗುಲನ್ನು ಕೊಟ್ಟರು. ಗುಳ್ಳೆಗಳ ಮೊಗ್ಗೊಡೆಯುವಿಕೆ ಮತ್ತು ಬೆರೆಯುವಿಕೆಗಳ ನಿಯಮಗಳನ್ನು ಮಾತ್ರ ಇಟ್ಟುಕೊಂಡು ಗಣಕದಲ್ಲಿ ಹತ್ತಾರು ಸಾವಿರ ಕಲ್ಪಿತ ವ್ಯವಸ್ಥೆಗಳನ್ನು ರಚಿಸಿ ನೋಡಿದಾಗ, ಬೇರೆ ಯಾವ ಬಗೆಗಿಂತಲೂ ಹೆಚ್ಚಾಗಿ ಕಂಡುಬಂದದ್ದು ಹುಟ್ಟಿ, ಮಾಗಿ, ಕರಗಿಹೋಗುವ ಚೀಲಗಳ ಸರಣಿಯೇ, ಮತ್ತು ಅವುಗಳ ನಡುವೆ ಹಿಮ್ಮುಖವಾಗಿ ಓಡುವ ಗುಳ್ಳೆಗಳೇ. ದೊಡ್ಡ ಸರಕನ್ನು ಸಾಗಿಸುವುದಕ್ಕಾಗಿ ಈ ಏರ್ಪಾಡು ಹುಟ್ಟಿತೆಂದು ಊಹಿಸಬೇಕಾದ್ದಿಲ್ಲ. ತಾನಾಗಿ ಉಂಟಾದುದು ಅನಂತರ ಆ ಕೆಲಸಕ್ಕೆ ಒದಗಿರಬಹುದು ಎಂದು ಅವರ ಅಭಿಪ್ರಾಯ. ಇದು ಸರಿಯಾದರೆ ಗುಳ್ಳೆಯ ಪಕ್ಷ, ಮಾಗುವ ಪಕ್ಷ ಎಂಬ ಭೇದವೇ ಕಟುವಾದುದಲ್ಲ. ಗುಳ್ಳೆಗಳ ನಡೆಯಿಂದಲೇ ಮಾಗುವಿಕೆ.

ಪಠ್ಯವನ್ನು ಪರಿಷ್ಕರಿಸುವವರಿಗೆ ಇದರಿಂದ ಬೀಳುವ ಕೆಲಸವು ಹೆಚ್ಚಿನದೇನೂ ಅಲ್ಲ. ‘ಗಾಲ್ಗಿಯ ಮೂಲಕ ಪ್ರೋಟೀನುಗಳನ್ನು ಸಾಗಿಸಲಾಗುತ್ತದೆ’ ಎಂಬಂತಹ ಕರ್ಮಣಿ ಪ್ರಯೋಗವಿರುವ ಕಡೆ ‘ಗಾಲ್ಗಿಯ ಚೀಲಗಳು ಪ್ರೋಟೀನುಗಳನ್ನು ಒಳಗಿಟ್ಟುಕೊಂಡು ಮಾಗುತ್ತವೆ, ಸಣ್ಣ ಪ್ರೋಟೀನುಗಳಲ್ಲಿ ಕೆಲವು ಬೇಗನೆ ಮುಂದೆ ಹೋಗುವುದೂ ಉಂಟು’ ಎಂದು ಬರೆದರೆ ಸಾಕು. ಚಿತ್ರವನ್ನು ಮಾತ್ರ ಹೊಸದಾಗಿ ಬರೆಯಿಸಬೇಕು. ವಾಡಿಕೆಯ ಚಿತ್ರದಲ್ಲಿ ಚೀಲದಿಂದ ಚೀಲಕ್ಕೆ ಹಾರುವ ಗುಳ್ಳೆಗಳೆಲ್ಲಕ್ಕೂ ಬಾಣವು ಹೊರಬಾಗಿಲ ಕಡೆಗೇ ಇರುತ್ತದೆ. ಆ ಬಾಣಗಳಲ್ಲಿ ಹೆಚ್ಚಿನವನ್ನು ಒಳಬಾಗಿಲ ಕಡೆಗೆ ತಿರುಗಿಸಿ, ಹೊರಬಾಗಿಲ ಕಡೆಯ ದೊಡ್ಡ ಬಾಣವನ್ನು ಚೀಲದ ಪಕ್ಕದಲ್ಲಿಯೇ ಎಳೆಯತಕ್ಕದ್ದು.